ಜಯಮಾಲಾಳಿಗೆ ಒಂದು ಕಷ್ಟ ಬೇಕಾಗಿದೆ

ಮಕ್ಕಳ ಕೈಗೆ ‘ನಿಮ್ಮ ಬಗ್ಗೆ ನೀವೇ ಬರೆಯಿರಿ’ ಎನ್ನುವ ಅರ್ಜಿ ಏನಾದರೂ ಬಂದರೆ ತಾಯಂದಿರು ಮೊದಲು ಮಾಡಬೇಕಾದ ಕೆಲಸ ಒಂದೇ. ಅದನ್ನು ಜೋಳದ ಹಿಟ್ಟಿನ ಡಬ್ಬಿಯ ಕೆಳಗೆ ಇಟ್ಟು, ಗಂಡ ಕಚೇರಿಗೆ ಹೋದ ಮೇಲೆ ಹೊರಗೆ ತೆಗೆಯಬೇಕು. ನಾನು ಹಾಗೆ ಮಾಡಲಿಲ್ಲ. ಆ ಮಂಗಳವಾರ ರೊಟ್ಟಿ ಬಡಿಯುವ ಗಡಿಬಿಡಿಯಲ್ಲಿ ಅದನ್ನು ಟಿವಿಯ ಮುಂದೆ ಇಟ್ಟೆ. ನಮ್ಮವರು ಕನ್ನಡಕ ಏರಿಸಿಕೊಂಡು ಓದಿಬಿಟ್ಟರು.

ನಮ್ಮವರು ಅಂದರೆ ಅಂಬರೀಷ. ತಾಲೂಕು ಕಚೇರಿಯ ಟಪಾಲು ವಿಭಾಗದಲ್ಲಿ ಇಪ್ಪತ್ತೆರಡು ವರ್ಷದ ನೌಕರಿ. ಬಂದ ಕಾಗದಕ್ಕೆ ನಂಬರು ಕೊಟ್ಟು ಒಳಗೆ ಕಳಿಸುವುದು, ಹೋಗುವ ಕಾಗದಕ್ಕೆ ನಂಬರು ಕೊಟ್ಟು ಹೊರಗೆ ಕಳಿಸುವುದು ಅವರ ಕೆಲಸ. ನಡುವೆ ಆ ಕಾಗದಕ್ಕೆ ಏನಾಗುತ್ತದೆ ಎಂಬುದು ಅವರ ವ್ಯಾಪ್ತಿಗೆ ಬರುವುದಿಲ್ಲ. ಆದರೂ ಬೈರಿದೇವರಕೊಪ್ಪದ ನಮ್ಮ ಓಣಿಯಲ್ಲಿ ಅವರು ಹೇಳಿಕೊಂಡು ತಿರುಗುವುದು ಬೇರೆ: “ಕರಡು ಹಾಕೂದ್ರಾಗ ನನ್ನ ಮೀರಿಸೋರು ಈ ಜಿಲ್ಲಾದಾಗ ಇನ್ನೂ ಹುಟ್ಟಬೇಕು.”

ಅರ್ಜಿ ಧಾರವಾಡದ ಒಂದು ವಸತಿ ಕಾಲೇಜಿನದು. ಹತ್ತನೆಯ ತರಗತಿ ಮುಗಿಸಿದ ಕೆಲವೇ ಮಕ್ಕಳಿಗೆ ಎರಡು ವರ್ಷ ಇಟ್ಟುಕೊಂಡು ವಿಜ್ಞಾನ ಓದಿಸುತ್ತಾರೆ. ನನ್ನ ಮಗಳು ಜಯಮಾಲಾ ಎಂಟನೆಯ ತರಗತಿಯಲ್ಲಿದ್ದಾಗ ಅಲ್ಲಿಗೆ ವಸ್ತುಪ್ರದರ್ಶನಕ್ಕೆ ಹೋಗಿದ್ದಳು. ಸೂಕ್ಷ್ಮದರ್ಶಕದಲ್ಲಿ ಉಳ್ಳಾಗಡ್ಡಿಯ ತೆಳು ಪದರನ್ನು ನೋಡುತ್ತ ನಿಂತವಳು, ಟೀಚರು ಕೈಹಿಡಿದು ಎಳೆಯುವ ತನಕ ಕದಲಲಿಲ್ಲವಂತೆ. ಅಂದಿನಿಂದ ಅವಳಿಗೆ ಆ ಕಾಲೇಜು ಒಂದೇ ಧ್ಯಾನ. ಅಂಕಗಳು ಸಾಕಷ್ಟು ಬಂದಿದ್ದವು. ಉಳಿದಿದ್ದು ಹದಿನಾಲ್ಕನೆಯ ಕಾಲಂ ಮಾತ್ರ: ‘ನೀವು ಎದುರಿಸಿದ ಒಂದು ಕಷ್ಟ ಹಾಗೂ ಅದರಿಂದ ಕಲಿತದ್ದು. ಐನೂರು ಪದಗಳಲ್ಲಿ, ಸ್ವಂತ ಅನುಭವದಿಂದ ಬರೆಯಿರಿ.’ ಶನಿವಾರ ಸಂಜೆ ಐದರೊಳಗೆ ಕಾಲೇಜಿನ ಕಿಟಕಿಯಲ್ಲಿ ಖುದ್ದಾಗಿ ಕೊಡಬೇಕು.

ಅವಳ ಟೀಚರು ದಾರಿ ಹೇಳಿಕೊಟ್ಟಿದ್ದರು. ಮೊದಲು ನೆನಪುಗಳ ಪಟ್ಟಿ ಮಾಡಬೇಕು, ಅದರಲ್ಲಿ ಒಂದನ್ನು ಆರಿಸಬೇಕು, ಆಮೇಲೆ ಒಂದು ಸಣ್ಣ ಘಟನೆಯಿಂದ ಶುರು ಮಾಡಬೇಕು. ಜಯಾ ಪಟ್ಟಿ ಮಾಡಿದಳು. ಉಳ್ಳಾಗಡ್ಡಿ ಪದರು, ಅಜ್ಜಿಯ ಊರಿನ ಎಮ್ಮೆಕರು, ಮೊದಲ ಸಲ ಒಬ್ಬಳೇ ಬಸ್ಸು ಹತ್ತಿದ್ದು, ಹೀಗೆ ಹದಿನೇಳು ನೆನಪು. ನಮ್ಮವರು ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದರು.

“ಇದರಾಗ ಕಷ್ಟ ಎಲ್ಲೈತಿ?”

“ಅದ ನನಗೂ ತಿಳೀವಲ್ದು ಅಪ್ಪಾ. ನನಗ ಏನೂ ಆಗೇ ಇಲ್ಲ.”

“ಕಷ್ಟ ಆಮ್ಯಾಲೆ ನೋಡೂಣು. ಮೊದಲ ಕರಡು ತಯಾರ ಇರಬೇಕು” ಎಂದು ಅವರು ಚಹಾ ಆರುವುದರೊಳಗೆ ಪ್ರಬಂಧವನ್ನೇ ಬರೆದು ಮುಗಿಸಿದರು. ಅದು ಹೀಗಿತ್ತು:

‘ಮಾನ್ಯರೇ, ವಿಷಯ: ನನ್ನ ಕಷ್ಟದ ಕುರಿತು. ಉಲ್ಲೇಖ: ತಮ್ಮ ನಮೂನೆಯ ಕಾಲಂ 14. ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ನಾನು ಈಗಾಗಲೇ ಜನಿಸಿದ್ದು, ಜನನ ಪ್ರಮಾಣಪತ್ರವನ್ನು ಲಗತ್ತಿಸಿರುತ್ತೇನೆ. ಸದರಿ ನನಗೆ ದಿನಾಂಕ ______ ರಂದು ______ ಎಂಬ ಕಷ್ಟ ಉಂಟಾಗಿದ್ದು, ಅದರಿಂದ ಸಾಕಷ್ಟು ಕಲಿತಿರುತ್ತೇನೆ. ಆದ್ದರಿಂದ ಮುಂದಿನ ಸೂಕ್ತ ಕ್ರಮಕ್ಕಾಗಿ ವಿನಂತಿ.’

“ಖಾಲಿ ಜಾಗಾ ಎರಡ ಅದಾವು. ತುಂಬಿದ್ರ ಮುಗೀತು” ಎಂದರು.

ಆ ಎರಡು ಖಾಲಿ ಜಾಗ ತುಂಬಲು ಅವತ್ತು ಇಡೀ ಸಂಜೆ ನಮ್ಮ ಮನೆಯಲ್ಲಿ ವಿಚಾರಣೆ ನಡೆಯಿತು. ನಾನು ಮೆಂತ್ಯ ಪಲ್ಲೆಯ ಎಲೆ ಬಿಡಿಸುತ್ತ ಕೂತಿದ್ದೆ.

“ಈಕಿಗೆ ಡೆಂಗ್ಯೂ ಬಂದಿತ್ತಲ್ಲ, ಪ್ರಭಾ?”

“ಅದು ನಿಮಗ ಬಂದಿತ್ರಿ.”

“ಸಾಲಿ ದೂರ ಇತ್ತು. ಮಳ್ಯಾಗ ತೊಯ್ಸಿಕೊಂಡು ಹೋಗತಿದ್ಲು.”

“ಸಾಲಿ ಮನಿ ಬಾಜೂಕ ಇತ್ತು. ನೀವ ಸಾಲಿ ನೋಡಿ ಮನಿ ಹಿಡಿದ್ರಿ.”

“ಮಾಸ್ತರು ಹೊಡದಿರಬೇಕು. ಹೊಡೀಲಾರದ ಮಾಸ್ತರು ಎಲ್ಲದಾರ?”

“ಒಮ್ಮೆ ಕಿವಿ ಹಿಂಡಿದ್ರು. ನೀವು ಹೋಗಿ ಮೂರು ಪುಟದ ಅರ್ಜಿ ಕೊಟ್ಟು ಬಂದ್ರಿ. ಆ ಮ್ಯಾಲೆ ಆ ಮಾಸ್ತರು ಈಕಿ ಕ್ಲಾಸಿಗೆ ಬಂದ್ರ ತಾವ ಎದ್ದು ನಿಲ್ಲತಿದ್ರು.”

“ಹಸಿವಿ?” ಎಂದು ಕೇಳಿ, ಮೂರನೆಯ ರೊಟ್ಟಿಗೆ ಕೈ ಹಾಕಿದ್ದ ಮಗಳನ್ನು ನೋಡಿ, ಆ ಪ್ರಶ್ನೆಯನ್ನು ಅವರೇ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಸಿಟ್ಟು ನನ್ನ ಕಡೆ ತಿರುಗಿತು.

“ಎಂಥಾ ತಾಯಿ ನೀನು? ಹದಿನಾರು ವರ್ಷದಾಗ ಮಗಳಿಗೆ ಒಂದ ಒಂದು ಕಷ್ಟ ಕೊಡ್ಲಿಲ್ಲಲ್ಲ!”

“ನೀವು ಕೊಡಾಕ ಬಿಟ್ರ ತಾನ?”

ಮರುದಿನ ನಸುಕಿನಲ್ಲೇ ಅವರು ಉಪ್ಪಿನಬೆಟಗೇರಿಗೆ ಫೋನು ಮಾಡಿ ತಮ್ಮ ತಾಯಿಯನ್ನು ಕರೆಸಿದರು.

ನಮ್ಮ ಅತ್ತೆ ದುರಗವ್ವ ಮೊದಲ ಬಸ್ಸಿಗೇ ಬಂದಿಳಿದರು. ಚಪ್ಪಲಿ ಬಿಡುವ ಮುಂಚೆಯೇ ಬೈಗುಳ ಶುರುವಾಯಿತು. “ಕಷ್ಟ ಬೇಕಾಗಿತ್ತು ಅಂದ್ರ ಮೊದಲ ಹೇಳಾಕ ಏನಾಗಿತ್ತು? ಮನ್ಯಾಗ ಇಷ್ಟು ಇಟಗೊಂಡು ಕುಂತೇನಿ ನಾನು!”

ತಾವು ಚಿಕ್ಕವರಿದ್ದಾಗ ಸಾಲಿಯ ಕಿಟಕಿಯ ಹೊರಗೆ ನಿಂತು ಅಕ್ಷರ ಕೇಳಿಸಿಕೊಂಡದ್ದು, ಒಳಗೆ ಬಾ ಎಂದು ಯಾರೂ ಕರೆಯದಿದ್ದದ್ದು, ತುಂಬಿದ ಹಳ್ಳದಲ್ಲಿ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಪರೀಕ್ಷೆಗೆ ದಾಟಿಸಿದ್ದು, ಎಲ್ಲವನ್ನೂ ಹಪ್ಪಳ ಎಣಿಸಿಡುವ ಹಾಗೆ ಒಂದೊಂದಾಗಿ ಮೊಮ್ಮಗಳ ಮುಂದೆ ಇಟ್ಟರು. ಜಯಾ ಕಣ್ಣು ಒರೆಸಿಕೊಂಡಳು.

“ಅಳೂದು ಆಮ್ಯಾಲೆ. ಬರಕೋ. ನಿಂದ ಅಂತ ಬರಿ.”

“ಆಯಿ, ಇದು ನಿಂದು. ನಂದು ಹೆಂಗ ಆಗ್ತೈತಿ?”

“ನನ್ನ ಬಂಗಾರದ ಬೋರಮಾಳ ನಿನಗ ಅಂತ ಅಂದಾಗ ಬ್ಯಾಡ ಅಂದಿ ಏನು? ಇದೂ ಹಂಗ.”

ನಮ್ಮವರಿಗೆ ಅತ್ತೆಯ ಮಾತಿನಲ್ಲಿ ಕಾನೂನಿನ ಆಧಾರ ಕಂಡಿತು. “ವಾರಸುದಾರಳು ಹೌದಲ್ಲ. ನನ್ನ ಒಪ್ಪಿಗೆ ಪತ್ರ ಹಚ್ಚಿದ್ರ ಆಯಿಯ ಕಷ್ಟ ನೇರ ಈಕಿ ಹೆಸರಿಗೆ ಬರ್ತೈತಿ.”

“ಸ್ವಂತ ಅನುಭವ ಅಂತ ಬರದಾರ ಅಪ್ಪಾ” ಎಂದು ಜಯಾ ಅರ್ಜಿ ತೋರಿಸಿದಳು. ಅವಳು ಅಪ್ಪನ ಮಗಳು. ಬರೆದಿದ್ದನ್ನು ಮೀರುವುದು ಅವಳಿಂದ ಆಗದು.

ಗುರುವಾರಕ್ಕೆ ನಮ್ಮವರು ಹೊಸ ನಿರ್ಧಾರಕ್ಕೆ ಬಂದರು. ಕಷ್ಟ ಹೇಗೆ ಬರೆಯುತ್ತಾರೆ ಎಂದು ಮಗಳಿಗೆ ತಿಳಿಯುತ್ತಿಲ್ಲ, ಆದ್ದರಿಂದ ನಾಲ್ಕಾರು ಮಾದರಿಗಳನ್ನು ಸಂಗ್ರಹಿಸಬೇಕು. ಕಚೇರಿಯಿಂದ ಬಂದವರೇ ಕಂಕುಳಲ್ಲಿ ಫೈಲು ಸಿಗಿಸಿಕೊಂಡು ಪಕ್ಕದ ಮನೆಗೆ ಹೋದರು. ಅಲ್ಲಿ ಅಬ್ದುಲಮಜೀದರಿದ್ದಾರೆ. ಬೈಕು ರಿಪೇರಿ ಮಾಡುತ್ತಾರೆ, ಸುಳ್ಳು ಹೇಳುವುದಿಲ್ಲ.

“ಮಜೀದ ಭಾಯಿ, ನಿಮ್ಮ ಜೀವನದಾಗಿನ ಒಂದು ಕಷ್ಟ ಹೇಳ್ರಿ.”

“ಯಾಕ್ರಿ ಸಾಹೇಬ್ರ?”

“ಬರಕೊಳ್ಳಾಕ.”

ಮಜೀದರು ಸ್ಪ್ಯಾನರು ಕೆಳಗಿಟ್ಟು, ಬೆನ್ನು ನೋವಿನಿಂದ ಶುರು ಮಾಡಿ ತಮ್ಮನ ಮನಸ್ತಾಪದ ತನಕ ಹೇಳಿದರು. ನಮ್ಮವರು ಎಲ್ಲವನ್ನೂ ಬರೆದುಕೊಂಡರು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಇದನ್ನೆಲ್ಲ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಆದರೆ ಇಪ್ಪತ್ತೆರಡು ವರ್ಷದ ಅಭ್ಯಾಸ. ಕೊನೆಗೆ ಹೆಸರು, ತಂದೆಯ ಹೆಸರು, ವಯಸ್ಸು, ಮನೆ ನಂಬರು ಹಾಕಿ, “ಇಲ್ಲೊಂದು ಸಹಿ ಮಾಡ್ರಿ” ಎಂದರು. ಅದೂ ಸಾಲದೆ ಹೊರಡುವಾಗ, “ನಿಮ್ದು ಒಂದನೇ ನಂಬರು” ಎಂದು ಹೇಳಿ ಬಂದರು.

ಮರುದಿನ ನಾನು ಬಟ್ಟೆ ಒಣಹಾಕುತ್ತಿದ್ದಾಗ ಮಜೀದರ ಹೆಂಡತಿ ರಾಜಬಿ ಗೋಡೆಯ ಆಚೆಯಿಂದ ಮೆಲ್ಲಗೆ ಕೇಳಿದರು. “ಅಕ್ಕಾರ, ಗಂಡಸರ ಕಷ್ಟ ಅಷ್ಟ ಬರಕೊಳ್ಳಾಕತ್ತಾರೇನು? ಹೆಂಗಸರದು ಬ್ಯಾರೆ ಫಾರ್ಮ ಐತೇನು?”

ನಾನು ನಕ್ಕುಬಿಟ್ಟೆ. ನಗಬಾರದಿತ್ತು. ತಾಲೂಕು ಕಚೇರಿಯವರ ಹೆಂಡತಿ ನಕ್ಕಳು ಅಂದರೆ ಒಳಗೆ ಏನೋ ಇದೆ ಎಂದು ರಾಜಬಿ ತಿಳಿದರು. ಬಟ್ಟೆ ಹೊಲಿಯುವ ಅಬೀದಾಗೆ ಹೇಳಿದರು. ಅಬೀದಾ ಅಳತೆ ಕೊಡಲು ಬಂದವರಿಗೆಲ್ಲ ಹೇಳಿದಳು. ಶುಕ್ರವಾರ ಸಂಜೆ ಹನ್ನೊಂದು ಜನ ಬಂದರು. ಎಲ್ಲರ ಕೈಯಲ್ಲೂ ಆಧಾರ್ ಕಾರ್ಡಿನ ಝೆರಾಕ್ಸ್.

ಶನಿವಾರ ಬೆಳಿಗ್ಗೆ ರಂಗೋಲಿ ಹಾಕಲು ಬಾಗಿಲು ತೆಗೆದರೆ ರಂಗೋಲಿಗೆ ಜಾಗವಿರಲಿಲ್ಲ. ಸರತಿ ಓಣಿಯ ತಿರುವಿನ ತನಕ ಹೋಗಿತ್ತು. ಸರ್ಕಾರ ಕಷ್ಟಕ್ಕೊಂದು ಯೋಜನೆ ತಂದಿದೆ, ಅಂಬರೀಷ ಸಾಹೇಬರ ಮನೆಯಲ್ಲಿ ಹೆಸರು ಹಚ್ಚುತ್ತಾರೆ, ಇವತ್ತು ಸಂಜೆ ಐದಕ್ಕೆ ಕಡೆಯ ವೇಳೆ ಎಂದು ಸುದ್ದಿ ಹಬ್ಬಿತ್ತು. ಕಡೆಯ ವೇಳೆ ಒಂದು ಮಾತ್ರ ಖರೇ ಇತ್ತು.

ನಿವೃತ್ತ ಬಸ್ ಕಂಡಕ್ಟರ್ ಹನಮೇಶ ಯಾರೂ ಕೇಳದಿದ್ದರೂ ವ್ಯವಸ್ಥೆಗೆ ನಿಂತಿದ್ದರು. ರಟ್ಟಿನ ತುಂಡುಗಳ ಮೇಲೆ ನಂಬರು ಬರೆದು ಹಂಚಿ ಸೀಟಿ ಊದುತ್ತಿದ್ದರು. “ಮುಂದ ಸರೀರಿ, ಮುಂದ ಸರೀರಿ! ಬಾಗಲದಾಗ ನಿಲ್ಲಬ್ಯಾಡ್ರಿ! ಒಬ್ಬರಿಗೆ ಒಂದ ಕಷ್ಟ!”

ನಮ್ಮವರು ಕಟ್ಟೆಯ ಮೇಲೆ ನಿಂತು ಕೈ ಮುಗಿದರು. “ಯಪ್ಪಾ, ಇದು ಯಾವ ಯೋಜನೇನೂ ಅಲ್ರಿ. ನನ್ನ ಮಗಳ ಪ್ರಬಂಧಕ್ಕ ಮಾದರಿ ಬೇಕಾಗಿತ್ತು, ಅಷ್ಟ.”

ಹನಮೇಶ ಸೀಟಿಯನ್ನು ಬಾಯಿಂದ ತೆಗೆದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. “ಸರ್ಕಾರಿ ಮನುಷ್ಯಾ ಇಲ್ಲ ಅನ್ನಾಕತ್ತಾನಂದ್ರ ಖಾತ್ರಿ ಐತಿ. ಯಾರೂ ಜಾಗಾ ಬಿಡಬ್ಯಾಡ್ರಿ.”

ಗಬ್ಬೂರಿನಿಂದ ಎರಡು ಬಸ್ಸು ಬದಲಿಸಿ ಬಂದ ಮುದುಕರೊಬ್ಬರು ಸಿಟ್ಟಾದರು. “ನಿಮ್ಮ ಓಣಿಯವರದಷ್ಟ ಕಷ್ಟ ಏನು? ಬೈಪಾಸಿನ ಆಚಿ ಇರೋರದು ಸುಖಾನ?”

ಬೇರೆ ದಾರಿ ಕಾಣದೆ ನಮ್ಮವರು ಬರೆಯಲು ಕೂತರು. ಹತ್ತು ಗಂಟೆಯ ಹೊತ್ತಿಗೆ ಅವರ ಕೈ ಸೋತಿತು. ಜಯಾಳ ಅಕ್ಷರ ದುಂಡಗಿದೆ ಎಂದು ಯಾರೋ ಹೇಳಿದರು. ಅವಳನ್ನು ತಂದು ಪಕ್ಕದಲ್ಲಿ ಕೂರಿಸಿದರು. ಐದು ಗಂಟೆಯೊಳಗೆ ತನ್ನದೊಂದು ಕಷ್ಟ ಬರೆಯಬೇಕಾದ ಹುಡುಗಿ ಊರವರ ಕಷ್ಟ ಬರೆಯತೊಡಗಿದಳು. ನಾನು ಸ್ಟೋವಿನ ಮೇಲೆ ಮೂರನೆಯ ಸಲ ಚಹಾ ಇಟ್ಟೆ.

ಇಪ್ಪತ್ತೆಂಟನೆಯ ನಂಬರಿನ ಹೆಂಗಸು ಹಿಂದೆ ನಿಂತಿದ್ದ ನೆಗೆಣ್ಣಿಯ, ಅಂದರೆ ಮೈದುನನ ಹೆಂಡತಿಯ ಕಡೆ ಬೊಟ್ಟು ಮಾಡಿ, “ನನ್ನ ಕಷ್ಟದ ಹೆಸರು ಬರಕೋ ತಂಗಿ. ಇಕಿ” ಎಂದಳು. ಇಪ್ಪತ್ತೊಂಬತ್ತು ತಕ್ಷಣ, “ನಂದೂ ಅದ ವಿಳಾಸ. ಅದ ಮನಿ, ಅದ ಅಡಿಗಿಮನಿ” ಎಂದಳು. ಇಬ್ಬರ ಹೇಳಿಕೆಯನ್ನೂ ಒಂದರ ಕೆಳಗೆ ಒಂದು ಬರೆದು ಸಹಿ ಮಾಡಿಸಿದ್ದಾಯಿತು. ಇಬ್ಬರೂ ಒಂದೇ ಆಟೋದಲ್ಲಿ ಮನೆಗೆ ಹೋದರು.

ಮಧ್ಯಾಹ್ನ ಸ್ಕೂಟರಿನ ಸದ್ದಾಯಿತು. ನಮ್ಮವರ ಮೇಲಧಿಕಾರಿ, ಶಿರಸ್ತೇದಾರ ಅಲ್ಲಾವುದ್ದೀನ ಸಾಹೇಬರು. ನಮ್ಮವರು ಪೆನ್ನು ಕೆಳಗಿಟ್ಟು ಎದ್ದು ನಿಂತರು.

“ಏನ್ರೀ ಅಂಬರೀಷ! ಯಾವ ಸುತ್ತೋಲಿ ಮ್ಯಾಲೆ ನಡಸಾಕತ್ತೀರಿ ಇದನ್ನ? ನನ್ನ ಟೇಬಲ್ಲಿಗೆ ಬರಲಾರದ ಯಾವ ಯೋಜನಾ ಬಂತಿದು?”

“ಸರ್, ಇದು ಯೋಜನಾ ಅಲ್ರಿ. ಮಗಳ ಪ್ರಬಂಧ.”

ಸಾಹೇಬರು ಸರತಿಯನ್ನು ನೋಡಿದರು. ಫೈಲನ್ನು ನೋಡಿದರು. ಕ್ರಮಸಂಖ್ಯೆ, ಸಹಿ, ಎಲ್ಲ ಸರಿಯಾಗಿದ್ದದ್ದನ್ನು ನೋಡಿ ಅವರ ದನಿ ಇಳಿಯಿತು. ನಮ್ಮವರ ಕಿವಿಯ ಹತ್ತಿರ ಬಾಗಿ ಕೇಳಿದರು. “ನೌಕರದಾರರಿಗೆ ಅನ್ವಯ ಆಗ್ತೈತೇನ್ರಿ ಇದು? ಮೂರು ವರ್ಷದಾಗ ನಾಕು ಸಲ ಬದಲಿ ಮಾಡ್ಯಾರ ನನಗ. ನಮ್ಮ ಮನಿಯವರು ಸಾಮಾನಿನ ಗಂಟು ಬಿಚ್ಚೂದ ಬಿಟ್ಟಾರ.”

“ನಂಬರ ತಗೊಂಡು ಹಿಂದ ನಿಲ್ರಿ ಸಾಹೇಬ್ರ” ಎಂದರು ಹನಮೇಶ. “ನನ್ನ ಗಾಡ್ಯಾಗ ಪಾಸು ನಡ್ಯಂಗಿಲ್ಲ.”

ಮೂರು ಗಂಟೆ ಹೊಡೆಯಿತು. ನಾನು ಕೈ ಒರೆಸಿಕೊಂಡು ಹೊರಗೆ ಹೋದೆ, ಮಗಳ ರಟ್ಟೆ ಹಿಡಿದು ಎಬ್ಬಿಸಿದೆ, ಅಡುಗೆಮನೆಗೆ ಕರೆತಂದು ಒಳಗಿನಿಂದ ಚಿಲಕ ಹಾಕಿದೆ. ಹೊರಗೆ ಅತ್ತೆ ಬಾಗಿಲಿಗೆ ಬೆನ್ನು ಕೊಟ್ಟು ಕೂತರು. ಅವರನ್ನು ದಾಟಿ ಒಳಗೆ ಬರುವ ಧೈರ್ಯ ಜಿಲ್ಲಾಧಿಕಾರಿಗೂ ಇಲ್ಲ.

ಜಯಾ ರೊಟ್ಟಿ ಮಣೆಯ ಮೇಲೆ ಕಾಗದ ಇಟ್ಟುಕೊಂಡು ಅಳತೊಡಗಿದಳು. “ಎಂಬತ್ತಾರು ಮಂದೀದು ಬರದೇನಿ ಅವ್ವಾ. ಎಲ್ಲಾರಿಗೂ ಏನರೆ ಆಗೇತಿ. ನನಗ ಏನೂ ಆಗಿಲ್ಲ.”

“ಹಂಗಂತನ ಬರಿ.”

“ಅದು ಪ್ರಬಂಧ ಹೆಂಗ ಆಗ್ತೈತಿ?”

“ಆಗ್ಲಿಲ್ಲಂದ್ರ ಬಿಡು. ಈಗ ನನಗ ಹೇಳಿದಿಯಲ್ಲ, ಅದನ್ನ ಮೊದಲನೇ ಸಾಲು ಮಾಡು. ಎರಡನೇದು ತಾನ ಬರ್ತೈತಿ. ಬರ್ಲಿಲ್ಲಂದ್ರ ಮತ್ತ ನನಗ ಹೇಳು, ನಾ ಇಲ್ಲೇ ಇರ್ತೇನಿ.”

ನಾನು ಅವಳ ಕಡೆ ನೋಡಲಿಲ್ಲ. ಯಾರಾದರೂ ನೋಡುತ್ತಿದ್ದರೆ ಮಕ್ಕಳಿಗೆ ಬರೆಯಲು ಬರುವುದಿಲ್ಲ. ಬದನೆಕಾಯಿ ಹೆಚ್ಚಿದೆ, ಶೇಂಗಾ ಹುರಿದು ಕುಟ್ಟಿದೆ. ಒಗ್ಗರಣೆ ಸಿಡಿಯುವ ಹೊತ್ತಿಗೆ ಅವಳು ಎರಡನೆಯ ಪುಟಕ್ಕೆ ಹೋಗಿದ್ದಳು. ನಾನು ಓದಿದ್ದು ಮೊದಲ ಕೆಲವು ಸಾಲು ಮಾತ್ರ:

‘ನನಗೆ ಇವತ್ತಿನವರೆಗೆ ಏನೂ ಆಗಿಲ್ಲ. ನಮ್ಮ ಆಯಿಗೆ ಬಹಳ ಆಗಿದೆ. ನಮ್ಮಪ್ಪನಿಗೆ ಅದಕ್ಕಿಂತ ಸ್ವಲ್ಪ ಕಡಿಮೆ ಆಗಿದೆ. ನನ್ನ ತನಕ ಬರುವಷ್ಟರಲ್ಲಿ ಏನೂ ಉಳಿಯದ ಹಾಗೆ ಅವರು ನೋಡಿಕೊಂಡಿದ್ದಾರೆ. ಈ ಅರ್ಜಿ ಬಂದ ದಿನದಿಂದ ನಮ್ಮಪ್ಪ ಅದಕ್ಕಾಗಿ ನಾಚಿಕೆಪಟ್ಟುಕೊಳ್ಳುತ್ತಿದ್ದಾರೆ. ನಾಚಿಕೆಪಡಬೇಡಿ ಎಂದು ಅವರಿಗೆ ಹೇಗೆ ಹೇಳಬೇಕೋ ನನಗೆ ತಿಳಿಯುತ್ತಿಲ್ಲ.’

ನಾನು ಒಲೆ ಆರಿಸಿದೆ. ಅವಳು ಮುಗಿಸುವ ಹೊತ್ತಿಗೆ ನಾಲ್ಕು ಹೊಡೆಯಲು ಹತ್ತು ನಿಮಿಷವಿತ್ತು. ಹಿತ್ತಲ ಬಾಗಿಲಿನಿಂದ ಹೊರಬಿದ್ದೆವು. ಮಜೀದರು ರಿಪೇರಿಗೆ ಬಂದಿದ್ದ ಯಾರದೋ ಸ್ಕೂಟಿಯ ಮೇಲೆ ಇಬ್ಬರನ್ನೂ ಕೂರಿಸಿ, ಧಾರವಾಡಕ್ಕೆ ಓಡುವ ಚಿಗರಿ ಬಸ್ಸಿನ ನಿಲ್ದಾಣಕ್ಕೆ ಮುಟ್ಟಿಸಿದರು. ಧಾರವಾಡದಲ್ಲಿ ಇಳಿದು ಓಡಿದೆವು. ನಾನು ಮದುವೆಯಾದ ಮೇಲೆ ಓಡಿದ್ದು ಅದೇ ಮೊದಲು. ಕಿಟಕಿಯ ಹಿಂದೆ ಒಬ್ಬ ಗುಮಾಸ್ತ ಕಾಗದಗಳನ್ನು ಹಿಂದೆ ಮುಂದೆ ತಿರುವಿ ನೋಡಿದ.

“ಲಗತ್ತು ಏನೂ ಇಲ್ಲೇನ್ರಿ?”

“ಇಲ್ರಿ.”

“ಭಾಳ ತೆಳ್ಳಗೈತಿ” ಎಂದು ಬೇಜಾರಿನಿಂದ ಹೇಳಿ ತೆಗೆದುಕೊಂಡ. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಎಂಟು ನಿಮಿಷ ಉಳಿದಿತ್ತು. ಬರುವಾಗ ಬಸ್ಸಿನಲ್ಲಿ ಜಯಾ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದಳು.

ಮನೆಯಲ್ಲಿ ನಮ್ಮವರು ನೂರಾ ಹದಿಮೂರನೆಯ ನಂಬರಿನಲ್ಲಿದ್ದರು. ಕಡೆಯ ವೇಳೆ ಮುಗಿದಿದ್ದರೂ ಬಂದವರನ್ನು ವಾಪಸು ಕಳಿಸುವ ಮನಸ್ಸು ಅವರಿಗಾಗಿರಲಿಲ್ಲ. ಆ ಫೈಲನ್ನು ಈಗ ಏನು ಮಾಡಬೇಕೆಂದು ಯಾರಿಗೂ ಗೊತ್ತಿಲ್ಲ. ಕಪಾಟಿನ ಮೇಲಿದೆ. ದಿನಕ್ಕೆ ನಾಲ್ಕು ಜನವಾದರೂ ಬಂದು ‘ನಮ್ದು ಎಲ್ಲಿತನಕ ಬಂತ್ರಿ’ ಎಂದು ಕೇಳುತ್ತಾರೆ. ನಮ್ಮವರು ಇಪ್ಪತ್ತೆರಡು ವರ್ಷದಿಂದ ಹೇಳುತ್ತ ಬಂದದ್ದನ್ನೇ ಹೇಳುತ್ತಾರೆ: “ಪರಿಶೀಲನೆಯಲ್ಲೈತಿ.” ಅವರು ಸಮಾಧಾನದಿಂದ ಹೋಗುತ್ತಾರೆ. ಅಬೀದಾ ಮಾತ್ರ ಒಂದು ದಿನ, ತಾನು ಬರೆಸಿದ್ದನ್ನು ಒಮ್ಮೆ ಓದಿ ಹೇಳು ಎಂದು ಜಯಾಳನ್ನು ಕೇಳಿದಳು. ಓದಿಸಿಕೊಂಡು, “ಹೌದು, ಹಿಂಗ ಆಗಿತ್ತು” ಎಂದು ಎದ್ದು ಹೋದಳು.

ಮೂರು ವಾರ ಕಳೆದ ಮೇಲೆ ಕಾಲೇಜಿನಿಂದ ಪತ್ರ ಬಂತು. ನಮ್ಮವರು ಟಪಾಲಿನವನಿಗಾಗಿ ಕಾಯಲು ಆ ವಾರವಿಡೀ ರಜೆ ಹಾಕಿದ್ದರು. ಜಯಾ ತಾನೇ ಒಡೆದು ಓದಿದಳು.

‘ತಮ್ಮ ಪ್ರಬಂಧವು ಉತ್ತಮವಾಗಿದ್ದಾಗ್ಯೂ, ಅಭ್ಯರ್ಥಿಯು ಯಾವುದೇ ಕಷ್ಟವನ್ನು ಎದುರಿಸಿರುವುದು ಕಂಡುಬಾರದ ಕಾರಣ, ಪ್ರವೇಶಕ್ಕೆ ಪರಿಗಣಿಸಲು ಅವಕಾಶವಿರುವುದಿಲ್ಲ.’

ಅವಳು ಅಳಲಿಲ್ಲ. ಪತ್ರವನ್ನು ಮಡಿಸಿ ಅಪ್ಪನ ಕೈಗೆ ಕೊಟ್ಟು, “ಬಟ್ಟಿ ಒಣಗ್ಯಾವೇನೋ ನೋಡ್ತೇನಿ” ಎಂದು ಮಾಳಿಗೆ ಹತ್ತಿದಳು. ಬಟ್ಟೆಗಳನ್ನು ನಾನು ಆಗಲೇ ತೆಗೆದು ಮಡಿಸಿಟ್ಟಿದ್ದೆ. ಅವಳ ಹಿಂದೆ ಅತ್ತೆ ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಏರಿದರು.

ನಮ್ಮವರು ಪತ್ರವನ್ನು ಬೆಳಕಿಗೆ ಹಿಡಿದು ನೋಡಿದರು. ದಿನಾಂಕವಿತ್ತು. ಕ್ರಮಾಂಕವಿತ್ತು. ಹಸಿರು ಶಾಯಿಯ ಸಹಿ, ದುಂಡನೆಯ ಮೊಹರು. ಯಾವ ಕಚೇರಿಯೂ ಆಕ್ಷೇಪ ಎತ್ತಲಾರದಂಥ ಕಾಗದ. ಮಗಳ ಹೆಸರಿಗೆ ಬಂದ ಮೊದಲ ಕಷ್ಟ. ಅದನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. ಅಲ್ಲೇನೂ ಇರಲಿಲ್ಲ.

ಬಹಳ ಹೊತ್ತಾದ ಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ನಾನು ಅಕ್ಕಿ ತೊಳೆಯುತ್ತಿದ್ದೆ.

“ಪ್ರಭಾ” ಎಂದರು. “ಇದನ್ನ ತಗೊಂಡೇ ಇಲ್ಲ ಅಂತ ವಾಪಸ್ ಕಳಸಾಕ ಬರೂದಿಲ್ಲೇನು?”